ಒಬ್ಬ ಚಂದ್ರ, ಮೂವರು ದೇವಿಯರು

ಚಂದ್ರ ನಮ್ಮ ಮಕ್ಕಳಿಗೆ ಚಂದಮಾಮ. ತಾಯಿಯ ಸೋದರ, ಹಾಗಾಗಿ ಸಲಿಗೆ ಹೆಚ್ಚು. ನಮ್ಮ ಪುರಾಣಗಳಲ್ಲೂ ಅವನು ಗಂಡೇ. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಮದುವೆಯಾಗಿ, ರೋಹಿಣಿಯೊಬ್ಬಳ ಮೇಲೆಯೇ ಪ್ರೀತಿಯಿಟ್ಟು, ಮಾವನ ಶಾಪದಿಂದ ದಿನದಿನಕ್ಕೆ ಸವೆಯತೊಡಗಿದವನು. ಪ್ರಾಚೀನ ಗ್ರೀಸಿನ ಮಗುವಿಗೆ ಈ ಕಥೆ ಹೇಳಿದ್ದರೆ ಅದು ಬೆರಗಾಗುತ್ತಿತ್ತು. ಅಲ್ಲಿ ಚಂದ್ರ ಹೆಣ್ಣು. ಭಾಷೆಯಲ್ಲಿ ಸ್ತ್ರೀಲಿಂಗ, ಪುರಾಣದಲ್ಲಿ ದೇವಿ.

ಆದರೆ ಯಾವ ದೇವಿ? ರಸಪ್ರಶ್ನೆಯ ಪುಸ್ತಕಗಳನ್ನು ತೆರೆದ ವಿದ್ಯಾರ್ಥಿಗೆ ಇಲ್ಲಿ ತೊಡಕು ಕಾದಿರುತ್ತದೆ. ಗ್ರೀಕರ ಚಂದ್ರದೇವತೆ ಯಾರು ಎಂಬ ಪ್ರಶ್ನೆಗೆ ಒಂದು ಪುಸ್ತಕ ಸೆಲೀನಿ ಎನ್ನುತ್ತದೆ, ಇನ್ನೊಂದು ಆರ್ಟೆಮಿಸ್ ಎನ್ನುತ್ತದೆ, ಮತ್ತೊಂದು ಹೆಕಟಿ ಎನ್ನುತ್ತದೆ. ಮೂರೂ ಸರಿಯೇ, ಆದರೆ ಮೂರೂ ಒಂದೇ ಕಾಲಕ್ಕೆ ಸರಿಯಲ್ಲ. ಮೂಲದಲ್ಲಿ ಬೇರೆ ಬೇರೆಯಾಗಿದ್ದ ಮೂವರು ದೇವಿಯರು ಶತಮಾನಗಳ ಅವಧಿಯಲ್ಲಿ ಒಂದೇ ಚಂದ್ರನಲ್ಲಿ ಬಂದು ಸೇರಿದರು. ಅವರನ್ನು ಕೂಡಿಸಿದ್ದರಲ್ಲಿ ಕವಿಗಳ ಕಲ್ಪನೆಗಿಂತ ಹೆಚ್ಚಿನ ಪಾಲು ತಿಂಗಳ ಲೆಕ್ಕದ್ದು, ಹಬ್ಬದ ನೈವೇದ್ಯದ್ದು, ಮೂರು ದಾರಿ ಕೂಡುವ ಜಾಗದಲ್ಲಿ ಇಡುತ್ತಿದ್ದ ಎಡೆಯದು.

ಗುಡಿ ಕಾಣದ ಸೆಲೀನಿ

ಗ್ರೀಕಿನಲ್ಲಿ ಸೆಲೀನಿ ಎಂದರೆ ಚಂದ್ರ ಎಂದೇ ಅರ್ಥ. ಆ ಪದದ ಬೇರು 'ಸೆಲಾಸ್', ಅಂದರೆ ಪ್ರಭೆ. ಕ್ರಿ.ಪೂ. 700ರ ಸುಮಾರಿನ ಕವಿ ಹೆಸಿಯಡ್ ತನ್ನ 'ಥಿಯಾಗನಿ'ಯಲ್ಲಿ ದೇವತೆಗಳ ವಂಶಾವಳಿ ಕೊಡುತ್ತಾನೆ. ಅದರಂತೆ ಹೈಪೀರಿಯನ್ ಮತ್ತು ಥೀಯಾ ದಂಪತಿಗಳಿಗೆ ಮೂವರು ಮಕ್ಕಳು: ಸೂರ್ಯನಾದ ಹೀಲಿಯೋಸ್, ಚಂದ್ರಳಾದ ಸೆಲೀನಿ, ಬೆಳಗಿನ ದೇವಿ ಇಯಾಸ್. (ಈ ಇಯಾಸ್ ಮತ್ತು ನಮ್ಮ ವೇದಗಳ ಉಷಸ್ ಒಂದೇ ಮೂಲದಿಂದ ಬಂದ ಮಾತುಗಳೆಂದು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ.) ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ಸ್ತೋತ್ರವೊಂದರಲ್ಲಿ ಸೆಲೀನಿ ಸಾಗರದಲ್ಲಿ ಮಿಂದು, ಹೊಳೆಯುವ ಉಡುಪು ತೊಟ್ಟು, ರಥಕ್ಕೆ ಕುದುರೆ ಹೂಡಿ ಆಕಾಶಕ್ಕೆ ಏರುತ್ತಾಳೆ.

ಅವಳ ಕಥೆಗಳಲ್ಲಿ ಹೆಸರಾದದ್ದು ಎಂಡಿಮಿಯಾನನದು. ಈಗಿನ ಟರ್ಕಿಯ ನೈರುತ್ಯದಲ್ಲಿರುವ ಲ್ಯಾಟ್ಮಸ್ ಬೆಟ್ಟದ ಗುಹೆಯಲ್ಲಿ ಈ ಚೆಲುವ ಎಂದೂ ಮುಪ್ಪಾಗದೆ, ಎಂದೂ ಎಚ್ಚರಗೊಳ್ಳದೆ ನಿದ್ರಿಸುತ್ತಾನೆ. ಸೆಲೀನಿ ರಾತ್ರಿ ಇಳಿದು ಬಂದು ಅವನನ್ನು ನೋಡುತ್ತಾಳೆ. ಒಲಿಂಪಿಯ ಇರುವ ಈಲಿಸ್ ನಾಡಿನವರು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಿದ್ದರು: ಅವರಿಬ್ಬರಿಗೆ ಐವತ್ತು ಹೆಣ್ಣುಮಕ್ಕಳು. ಐವತ್ತು ಎಂಬ ಸಂಖ್ಯೆ ಎಲ್ಲಿಂದ ಬಂತು?

ಇಲ್ಲಿ ಸ್ವಲ್ಪ ಗುಣಾಕಾರ ಮಾಡಬೇಕು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಇಂಥ 99 ಚಾಂದ್ರಮಾಸಗಳಿಗೆ ಸುಮಾರು 2923 ದಿನ 13 ಗಂಟೆ. ಎಂಟು ಸೌರವರ್ಷಗಳಿಗೆ ಸುಮಾರು 2922 ದಿನ. ವ್ಯತ್ಯಾಸ ಕೇವಲ ಒಂದೂವರೆ ದಿನಕ್ಕಿಂತ ಸ್ವಲ್ಪ ಹೆಚ್ಚು. ಒಲಿಂಪಿಕ್ ಕ್ರೀಡೆಗಳು ನಾಲ್ಕು ವರ್ಷಕ್ಕೊಮ್ಮೆ, ಬೇಸಗೆಯ ಹುಣ್ಣಿಮೆಯ ಸುಮಾರಿಗೆ ನಡೆಯುತ್ತಿದ್ದವು. ಎಂಟು ವರ್ಷದ 99 ತಿಂಗಳನ್ನು ಎರಡು ಪಾಲು ಮಾಡಿದರೆ ಒಂದು ಕ್ರೀಡೆಯಿಂದ ಮುಂದಿನದಕ್ಕೆ ಒಮ್ಮೆ 49 ತಿಂಗಳು, ಇನ್ನೊಮ್ಮೆ 50 ತಿಂಗಳು. ಚಂದ್ರಳ ಐವತ್ತು ಹೆಣ್ಣುಮಕ್ಕಳೆಂದರೆ ಒಂದು ಒಲಿಂಪಿಯಾಡಿನ ಐವತ್ತು ತಿಂಗಳುಗಳು ಎಂದು ವಿದ್ವಾಂಸರು ಊಹಿಸಿರುವುದು ಈ ಲೆಕ್ಕದ ಮೇಲೆಯೇ.

ಇಷ್ಟಿದ್ದರೂ ಸೆಲೀನಿಗೆ ಹೇಳಿಕೊಳ್ಳುವಂಥ ಗುಡಿಗಳಿರಲಿಲ್ಲ ಎಂಬುದು ಸೋಜಿಗ. ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಪೂರ್ವದ ಮುಮ್ಮುಖದಲ್ಲಿ ಒಂದು ಮೂಲೆಯಿಂದ ಹೀಲಿಯೋಸನ ಕುದುರೆಗಳು ಮೇಲೇಳುತ್ತವೆ, ಇನ್ನೊಂದು ಮೂಲೆಯಲ್ಲಿ ಸೆಲೀನಿಯ ಕುದುರೆಗಳು ದಣಿದು ಮುಳುಗುತ್ತವೆ. ಬಾಯ್ದೆರೆದು ಏದುಸಿರು ಬಿಡುತ್ತಿರುವಂಥ ಆ ಕುದುರೆಯ ತಲೆ ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಆದರೆ ಆ ದೇವಾಲಯ ಅಥೀನಾಳದು. ಸೆಲೀನಿ ಅಲ್ಲಿ ಅಂಚಿನ ಅಲಂಕಾರ. ಕ್ರಿ.ಪೂ. 421ರ 'ಶಾಂತಿ' ಎಂಬ ಪ್ರಹಸನದಲ್ಲಿ ಅರಿಸ್ಟೊಫೇನಿಸ್ ಇದನ್ನೇ ಹಾಸ್ಯಕ್ಕೆ ತಂದಿದ್ದಾನೆ. ಗ್ರೀಕರು ಬಲಿ ಕೊಡುವುದು ಒಲಿಂಪಸ್ ಬೆಟ್ಟದ ದೇವತೆಗಳಿಗೆ, ಪರಕೀಯರು ಕೊಡುವುದು ಸೂರ್ಯಚಂದ್ರರಿಗೆ. ಆದ್ದರಿಂದ ಸೂರ್ಯಚಂದ್ರರು ಗ್ರೀಸನ್ನು ಪರಕೀಯರಿಗೆ ಒಪ್ಪಿಸುವ ಸಂಚು ಹೂಡಿದ್ದಾರೆ ಎಂದು ನಾಟಕದ ನಾಯಕ ದೂರುತ್ತಾನೆ. ಕಣ್ಣಿಗೆ ನಿತ್ಯ ಕಾಣುವ ದೇವತೆಗೆ ಗುಡಿ ಏಕೆ ಎಂದು ಜನ ಭಾವಿಸಿದ್ದರೋ ಏನೋ.

ಸೆಲೀನಿಯ ಹೆಸರು ಮುಂದೆ ವಿಜ್ಞಾನದಲ್ಲಿ ಉಳಿಯಿತು. 1817ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಹೊಸ ಧಾತುವೊಂದನ್ನು ಕಂಡಾಗ ಅದು ಟೆಲ್ಯೂರಿಯಂ ಅನ್ನು ಹೋಲುತ್ತಿತ್ತು. ಟೆಲ್ಯೂರಿಯಂ ಹೆಸರು ಭೂಮಿಯಿಂದ ಬಂದದ್ದು. ಭೂಮಿಯ ಜೊತೆಗಾರ ಚಂದ್ರನಲ್ಲವೇ? ಹೊಸ ಧಾತು ಸೆಲೀನಿಯಂ ಆಯಿತು. ಅದರ ಮೇಲೆ ಬೆಳಕು ಬಿದ್ದರೆ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ ಎಂಬುದು ಗೊತ್ತಾದದ್ದು 1873ರಲ್ಲಿ. ಹೆಸರಿಟ್ಟವನಿಗೆ ಅದು ತಿಳಿದಿರಲಿಲ್ಲ.

ಅಕ್ಕತಂಗಿಯರ ಮಕ್ಕಳು

ಆರ್ಟೆಮಿಸ್ ಮತ್ತು ಹೆಕಟಿಯರಿಗೆ ಆರಂಭದಲ್ಲಿ ಚಂದ್ರನೊಡನೆ ನಂಟಿರಲಿಲ್ಲ. ಹೋಮರನ ಕಾವ್ಯಗಳಲ್ಲಿ ಆರ್ಟೆಮಿಸ್ ಬಿಲ್ಲು ಹಿಡಿದು ಕಾಡಿನಲ್ಲಿ ಬೇಟೆಯಾಡುವ ಕನ್ಯೆ, ಅಪಾಲೊನ ಸೋದರಿ. ಹೆರಿಗೆಯ ಹೆಂಗಸರನ್ನು, ಎಳೆಯ ಪ್ರಾಣಿಗಳನ್ನು, ಬೆಳೆಯುವ ಹುಡುಗಿಯರನ್ನು ಕಾಯುವವಳೆಂದೂ ಗ್ರೀಕರು ಅವಳನ್ನು ನಂಬಿದ್ದರು. ಹೆಕಟಿಯ ವಿಷಯದಲ್ಲಿ ಹೆಸಿಯಡ್ ಬಹಳ ಉದಾರಿ. ನೆಲ, ಕಡಲು, ಬಾನು ಮೂರರಲ್ಲೂ ದೇವರಾಜ ಜ್ಯೂಸ್ ಅವಳಿಗೆ ಪಾಲು ಕೊಟ್ಟನೆಂದು ಸುಮಾರು ನಲವತ್ತು ಸಾಲುಗಳಲ್ಲಿ ಹೊಗಳುತ್ತಾನೆ. ಅಷ್ಟೂ ಸಾಲುಗಳಲ್ಲಿ ಚಂದ್ರನ ಮಾತಿಲ್ಲ.

ಆದರೆ ಇಬ್ಬರೂ ಹತ್ತಿರದ ಬಂಧುಗಳು. ಫೀಬಿ ಎಂಬ ಹಿರಿಯ ದೇವಿಗೆ ಲೀಟೊ, ಆಸ್ಟೀರಿಯ ಎಂದು ಇಬ್ಬರು ಹೆಣ್ಣುಮಕ್ಕಳು. ಲೀಟೊಳ ಮಗಳು ಆರ್ಟೆಮಿಸ್, ಆಸ್ಟೀರಿಯಳ ಮಗಳು ಹೆಕಟಿ. ಅಕ್ಕತಂಗಿಯರ ಮಕ್ಕಳು ನಮ್ಮ ಕಡೆಯ ಲೆಕ್ಕದಲ್ಲಿ ಅಕ್ಕತಂಗಿಯರೇ. ಸೆಲೀನಿಯ ತಂದೆತಾಯಿ ಇದೇ ಫೀಬಿಯ ಒಡಹುಟ್ಟಿದವರು. ಫೀಬಿ ಎಂದರೆ ಬೆಳಗುವವಳು. ಅಜ್ಜಿಯ ಈ ಹೆಸರನ್ನೇ ಮುಂದೆ ರೋಮನ್ ಕವಿಗಳು ಚಂದ್ರನಿಗೆ ಇಟ್ಟು ಕರೆದರು.

ಕ್ರಿ.ಪೂ. 5ನೇ ಶತಮಾನದ ಹೊತ್ತಿಗೆ ಗೆರೆಗಳು ಮಸುಕಾಗತೊಡಗಿದವು. ಅಪಾಲೊ ಸೂರ್ಯನೇ ಎಂಬ ಮಾತು ಹುಟ್ಟಿತು. ಅಣ್ಣ ಸೂರ್ಯನಾದರೆ ತಂಗಿ ಚಂದ್ರಳಾಗಬೇಕಲ್ಲ! (ಅಣ್ಣ ಎಂದದ್ದು ರೂಢಿಗೆ, ಅವಳಿಗಳಲ್ಲಿ ಆರ್ಟೆಮಿಸಳೇ ಮೊದಲು ಹುಟ್ಟಿ ತಮ್ಮನ ಹೆರಿಗೆಗೆ ನೆರವಾದಳೆಂಬ ಕಥೆಯೂ ಉಂಟು.) ಬಸಿರಿನ ತಿಂಗಳುಗಳನ್ನು ಎಣಿಸುತ್ತಿದ್ದುದು ಚಂದ್ರನಿಂದ, ಹೆರಿಗೆಯ ದೇವಿಗೂ ಚಂದ್ರನಿಗೂ ಸಂಬಂಧ ಬೆಳೆಯಲು ಇದು ಸಾಕಾಯಿತು. ನಾಟಕಕಾರ ಈಸ್ಕಿಲಸ್ ತನ್ನ 'ಶರಣಾರ್ಥಿನಿಯರು' ನಾಟಕದಲ್ಲಿ ಹೆರಿಗೆಯ ರಕ್ಷಕಿಯನ್ನು ಆರ್ಟೆಮಿಸ್-ಹೆಕಟಿ ಎಂದು ಜೋಡಿ ಹೆಸರಿನಿಂದಲೇ ಕರೆದಿದ್ದಾನೆ. ಅಮೆರಿಕದ ನಾಸಾ ಸಂಸ್ಥೆ ಮನುಷ್ಯರನ್ನು ಮತ್ತೆ ಚಂದ್ರನತ್ತ ಕಳಿಸುವ ಯೋಜನೆಗೆ 2019ರಲ್ಲಿ ಆರ್ಟೆಮಿಸ್ ಎಂಬ ಹೆಸರನ್ನು ಆರಿಸಿದ್ದು ಅಪಾಲೊ ಯೋಜನೆಯ ಅವಳಿ ಸೋದರಿ ಎಂಬ ಕಾರಣಕ್ಕೆ. ಅದರ ಮೊದಲ ನೌಕೆ, ಜನರಿಲ್ಲದೆ, ಹಾರಿದ್ದು 2022ರ ನವೆಂಬರ್ 16ರಂದು. ನ್ಯಾಯವಾಗಿ ನೋಡಿದರೆ ಸೆಲೀನಿಗೆ ಇಲ್ಲೂ ಗುಡಿ ತಪ್ಪಿತು.

ತಿಂಗಳ ಕೊನೆಯ ಎಡೆ

ಕನ್ನಡದಲ್ಲಿ 'ತಿಂಗಳು' ಎಂದರೆ ಚಂದ್ರನೂ ಹೌದು, ಮಾಸವೂ ಹೌದು. ಗ್ರೀಕಿನಲ್ಲೂ ಹೀಗೆಯೇ: ಚಂದ್ರನಿಗೆ 'ಮೀನಿ' ಎಂಬ ಹಳೆಯ ಹೆಸರು, ಮಾಸಕ್ಕೆ 'ಮೀನ್'. ಸಂಸ್ಕೃತದ 'ಮಾಸ' ಇದೇ ಬೇರಿನದು. ಗ್ರೀಕ್ ನಗರಗಳ ಪಂಚಾಂಗ ಚಾಂದ್ರಮಾನದ್ದು. ಸಂಜೆ ಪಡುವಣದಲ್ಲಿ ಎಳೆಯ ಚಂದ್ರರೇಖೆ ಕಂಡರೆ ಹೊಸ ತಿಂಗಳು. ಆ ದಿನಕ್ಕೆ 'ನೂಮೀನಿಯ' ಎಂದು ಹೆಸರು; ಅಂದು ಮನೆಯ ದೇವರಿಗೆ ಧೂಪ, ಹಾರ, ಪೇಟೆಯಲ್ಲಿ ಖರೀದಿಯ ಗದ್ದಲ. ಆರನೆಯ ದಿನ ಆರ್ಟೆಮಿಸಳದು, ಏಳನೆಯದು ಅಪಾಲೊನದು. ತಿಂಗಳ ಕೊನೆಯ ಕತ್ತಲ ರಾತ್ರಿ ಹೆಕಟಿಯದು.

ಆ ರಾತ್ರಿ ಅನುಕೂಲವಂತರು ಮೂರು ದಾರಿ ಕೂಡುವಲ್ಲಿ ಹೆಕಟಿಯ ಕಂಬದ ಬಳಿ ರೊಟ್ಟಿ, ಮೊಟ್ಟೆ, ಮೀನು ಮುಂತಾದ ಎಡೆ ಇಟ್ಟು ಬರುತ್ತಿದ್ದರು. ದೇವಿ ಅದನ್ನು ಉಂಡಳೋ ಇಲ್ಲವೋ, ಊರಿನ ಬಡವರಂತೂ ಉಣ್ಣುತ್ತಿದ್ದರು. ಅರಿಸ್ಟೊಫೇನಿಸನ 'ಸಂಪತ್ತು' ನಾಟಕದಲ್ಲಿ (ಕ್ರಿ.ಪೂ. 388) ಬಡತನ ಒಳ್ಳೆಯದೋ ಸಿರಿತನ ಒಳ್ಳೆಯದೋ ಎಂಬ ವಾದ ಬಂದಾಗ ಒಂದು ಪಾತ್ರ ಹೆಕಟಿಯನ್ನೇ ಕೇಳಿ ಎನ್ನುತ್ತದೆ: ಉಳ್ಳವರು ತಿಂಗಳು ತಿಂಗಳೂ ಊಟ ಕಳಿಸುತ್ತಾರೆ, ಇಲ್ಲದವರು ಅದನ್ನು ನೆಲಕ್ಕಿಡುವ ಮುನ್ನವೇ ಕಸಿದುಕೊಳ್ಳುತ್ತಾರೆ.

ತಿಂಗಳ ಕೊನೆಯ ದಿನಕ್ಕೆ ಅಥೆನ್ಸಿನಲ್ಲಿ ಇನ್ನೊಂದು ಭಯವೂ ಇತ್ತು. ಸಾಲದ ಬಡ್ಡಿ ಕಟ್ಟಬೇಕಾದ ದಿನ ಅದು. 'ಮೋಡಗಳು' ನಾಟಕದಲ್ಲಿ ಮಗನ ಕುದುರೆ ಖಯಾಲಿಯಿಂದ ಸಾಲದಲ್ಲಿ ಮುಳುಗಿದ ತಂದೆಯೊಬ್ಬ ಒಂದು ಉಪಾಯ ಹೂಡುತ್ತಾನೆ. ಥೆಸ್ಸಲಿ ನಾಡಿನ ಮಾಟಗಾತಿಯರು ಚಂದ್ರನನ್ನು ಕೆಳಗೆ ಇಳಿಸಬಲ್ಲರೆಂದು ಪ್ರತೀತಿ. ಅಂಥವಳೊಬ್ಬಳನ್ನು ಕೊಂಡು ತಂದು, ಚಂದ್ರನನ್ನು ಇಳಿಸಿ, ಕನ್ನಡಿಯಂತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ? ಚಂದ್ರ ಹುಟ್ಟದಿದ್ದರೆ ತಿಂಗಳು ಹುಟ್ಟದು, ತಿಂಗಳಿಲ್ಲದಿದ್ದರೆ ಬಡ್ಡಿಯಿಲ್ಲ! ಇದೇ ನಾಟಕದಲ್ಲಿ ಚಂದ್ರ ಅಥೆನ್ಸಿನವರಿಗೆ ದೂರು ಕಳಿಸುವ ಪ್ರಸಂಗವೂ ಇದೆ. ಬೆಳದಿಂಗಳು ಕೊಟ್ಟು ತಿಂಗಳಿಗೆ ಒಂದು ದ್ರಾಕ್ಮದಷ್ಟು ದೀವಟಿಗೆಯ ಖರ್ಚು ಉಳಿಸುತ್ತಿದ್ದೇನೆ. ನೀವಾದರೋ ನನ್ನ ದಿನಗಳ ಲೆಕ್ಕವನ್ನೇ ಕೆಡಿಸಿದ್ದೀರಿ. ಹಬ್ಬವೆಂದು ಬಂದ ದೇವತೆಗಳು ಉಪವಾಸ ಮರಳಿ ನನ್ನನ್ನು ಬೈಯುತ್ತಾರೆ, ಎಂದು.

ನಗೆಯ ಹಿಂದೆ ನಿಜವಾದ ತೊಂದರೆಯಿತ್ತು. ಹನ್ನೆರಡು ಚಾಂದ್ರಮಾಸ ಕೂಡಿದರೆ 354 ದಿನ. ಋತುಚಕ್ರಕ್ಕಿಂತ 11 ದಿನ ಕಡಿಮೆ. ಆಗಾಗ ಅಧಿಕಮಾಸ ಸೇರಿಸಬೇಕು. ಯಾವಾಗ ಸೇರಿಸಬೇಕೆಂಬುದನ್ನು ಅಧಿಕಾರಿಗಳು ತಮಗೆ ತೋಚಿದಂತೆ ತೀರ್ಮಾನಿಸುತ್ತಿದ್ದರು. ಇದಕ್ಕೆ ಖಚಿತ ಮದ್ದು ಹುಡುಕಿದವನು ಅಥೆನ್ಸಿನ ಮೀಟನ್. ಕ್ರಿ.ಪೂ. 432ರಲ್ಲಿ ಅವನು ತೋರಿಸಿದ ಸೂತ್ರದಂತೆ 19 ವರ್ಷಗಳಲ್ಲಿ 235 ಚಾಂದ್ರಮಾಸಗಳು. ಇಂದಿನ ಅಳತೆಯಿಂದ ತಾಳೆ ನೋಡಿದರೆ 19 ವರ್ಷಕ್ಕೆ ತಪ್ಪುವುದು ಎರಡು ಗಂಟೆ ಮಾತ್ರ. ನಿಮ್ಮ ಹುಟ್ಟುಹಬ್ಬದ ದಿನ ಚಂದ್ರ ಯಾವ ಕಲೆಯಲ್ಲಿತ್ತೋ, ಹತ್ತೊಂಬತ್ತು ತುಂಬುವ ದಿನ ಹೆಚ್ಚುಕಡಿಮೆ ಅದೇ ಕಲೆಯಲ್ಲಿರುತ್ತದೆ. ಮನೆಯ ಹಳೆಯ ಪಂಚಾಂಗ ತೆಗೆದು ನೋಡಬಹುದು.

ಈ ತಿಂಗಳ ಪೂಜೆಯ ಕಥೆಗಳಲ್ಲಿ ಮನಸ್ಸಿನಲ್ಲಿ ನಿಲ್ಲುವಂಥದು ಕ್ಲಿಯಾರ್ಕಸ್ ಎಂಬ ಹಳ್ಳಿಗನದು. ಏಷ್ಯದ ಮ್ಯಾಗ್ನೀಷಿಯದ ಶ್ರೀಮಂತನೊಬ್ಬ ದೇವತೆಗಳಿಗೆ ನೂರು ಎತ್ತುಗಳನ್ನು ಬಲಿ ಕೊಡಬಲ್ಲವನು. ತನ್ನಂಥ ಭಕ್ತ ಬೇರೆ ಯಾರಿದ್ದಾರೆ ಎಂದು ಅವನು ಡೆಲ್ಫಿಯ ದೇವವಾಣಿಯನ್ನು ಕೇಳಿದ. ಆರ್ಕೇಡಿಯದ ಮೆತಿಡ್ರಿಯಂ ಊರಿನ ಕ್ಲಿಯಾರ್ಕಸ್ ಎಂದು ಉತ್ತರ ಬಂತು. ಹುಡುಕಿಕೊಂಡು ಹೋಗಿ ನೋಡಿದರೆ ಅದು ಸಣ್ಣ ಊರು, ಇವನು ಸಾಮಾನ್ಯ ಮನುಷ್ಯ. ಏನು ಮಾಡುತ್ತೀಯೆ ಎಂದರೆ, ಪ್ರತಿ ತಿಂಗಳ ಮೊದಲ ದಿನ ಮನೆಯ ಹರ್ಮಿಸ್ ಮತ್ತು ಹೆಕಟಿಯರ ವಿಗ್ರಹಗಳನ್ನು ಒರೆಸಿ, ಹೂಮಾಲೆ ಹಾಕಿ, ಧೂಪ ಮತ್ತು ರೊಟ್ಟಿ ಅರ್ಪಿಸುತ್ತೇನೆ, ಯಾವ ಹಬ್ಬವನ್ನೂ ತಪ್ಪಿಸುವುದಿಲ್ಲ ಎಂದ. ಅಷ್ಟೇ.

ಎರಡು ಬೆಳಕಿನ ಕೇಕ್

ಮೂವರು ದೇವಿಯರು ನಿಜವಾಗಿ ಕೂಡಿದ್ದು ಎಲ್ಲಿ ಎಂದು ಒಂದೇ ಜಾಗ ತೋರಿಸಬೇಕಾದರೆ ಅಥೆನ್ಸಿನ ಬಂದರಾದ ಪಿರೇಯಸ್ಸಿನ ಮ್ಯೂನಿಕಿಯ ಗುಡ್ಡವನ್ನು ತೋರಿಸಬೇಕು. ಅಲ್ಲಿ ಆರ್ಟೆಮಿಸಳ ಗುಡಿ. ವಸಂತದಲ್ಲಿ ಬರುವ ಮ್ಯೂನಿಕಿಯಾನ್ ಮಾಸದ 16ರಂದು ಹಬ್ಬ. ಅಂದು 'ಆಂಫಿಫಾನ್' ಎಂಬ ಚಪ್ಪಟೆ ಕೇಕಿನ ಸುತ್ತ ಉರಿಯುವ ಪುಟ್ಟ ದೀವಟಿಗೆಗಳನ್ನು ಚುಚ್ಚಿ ದೇವಿಗೆ ಒಯ್ಯುತ್ತಿದ್ದರು. ಇಂದಿನ ಹುಟ್ಟುಹಬ್ಬದ ಕೇಕ್ ಯಾರಿಗಾದರೂ ನೆನಪಾದರೆ ತಪ್ಪಲ್ಲ.

ಆಂಫಿಫಾನ್ ಎಂದರೆ ಎರಡೂ ಕಡೆ ಬೆಳಗುವುದು. ಏಕೆ ಆ ಹೆಸರು? ಅಥೆನ್ಸಿನ ಆಚಾರಗಳನ್ನು ಬರೆದಿಟ್ಟ ಫಿಲೋಕೊರಸ್ ಕಾರಣ ಕೊಟ್ಟಿದ್ದಾನೆ. ಆ ದಿನ ಚಂದ್ರ ಪಡುವಣದಲ್ಲಿ ಮುಳುಗುವುದರೊಳಗೆ ಮೂಡಣದಲ್ಲಿ ಸೂರ್ಯ ಮೂಡಿಬಿಡುತ್ತಾನೆ. ಆಕಾಶಕ್ಕೆ ಎರಡು ಬೆಳಕು. ಇದು ಖಗೋಳದ ನೇರ ಅವಲೋಕನ. ಹುಣ್ಣಿಮೆಯಂದು ಭೂಮಿಯ ಒಂದು ಕಡೆ ಸೂರ್ಯ, ಎದುರು ಕಡೆ ಚಂದ್ರ; ಆದ್ದರಿಂದ ಒಬ್ಬ ಮುಳುಗುವಾಗ ಇನ್ನೊಬ್ಬನ ಉದಯ. ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡ ಮಾಡುತ್ತದೆ. ಹಾಗಾಗಿ ಮರುದಿನ ಬೆಳಿಗ್ಗೆ ಸೂರ್ಯ ಮೂಡಿದಾಗ ಚಂದ್ರ ಪಡುವಣ ದಿಗಂತದ ಮೇಲೆ ಇನ್ನೂ ಉಳಿದಿರುತ್ತದೆ. ಮುಂದಿನ ಹುಣ್ಣಿಮೆ ಕಳೆದ ಬೆಳಿಗ್ಗೆ ತಾರಸಿಯ ಮೇಲೆ ನಿಂತರೆ ಈ ಎರಡು ಬೆಳಕನ್ನು ಯಾರು ಬೇಕಾದರೂ ಕಾಣಬಹುದು.

ಫಿಲೋಕೊರಸನ ಇನ್ನೊಂದು ಮಾತು ಮುಖ್ಯವಾದದ್ದು. ಈ ಕೇಕನ್ನು ಆರ್ಟೆಮಿಸಳ ಗುಡಿಗಳಿಗೆ ಒಯ್ಯುವಂತೆ ಮೂರು ದಾರಿ ಕೂಡುವ ಜಾಗಗಳಿಗೂ ಒಯ್ಯುತ್ತಿದ್ದರು. ದಾರಿ ಕೂಡುವ ಜಾಗ ಹೆಕಟಿಯದು. ನೈವೇದ್ಯ ಒಂದೇ, ದಿನ ಒಂದೇ, ಆಕಾಶದಲ್ಲಿ ತುಂಬಿದ ಸೆಲೀನಿ. ಗುಡಿಯಲ್ಲಿ ಆರ್ಟೆಮಿಸ್, ಬೀದಿಯಲ್ಲಿ ಹೆಕಟಿ. ಯಾವ ಪುರಾಣವೂ ಹೇಳುವ ಮೊದಲೇ ಮನೆಯ ಹೆಂಗಸರ ಒಲೆ ಈ ಮೂವರನ್ನು ಒಂದು ಮಾಡಿತ್ತು.

ಬಿರುದುಗಳಲ್ಲೂ ಪಾಲಿತ್ತು. 'ಫಾಸ್ಫರಸ್' ಎಂದರೆ ಬೆಳಕು ತರುವವಳು. ಈ ಬಿರುದು ಆರ್ಟೆಮಿಸಳಿಗೂ ಇತ್ತು, ಹೆಕಟಿಗೂ ಇತ್ತು. (ರಂಜಕ ಧಾತುವಿಗೆ ಇದೇ ಪದದಿಂದ ಹೆಸರು ಬಂದಿದೆ.) ಕ್ರಿ.ಪೂ. 403ರಲ್ಲಿ ತ್ರಾಸಿಬುಲಸ್ ದೇಶಭ್ರಷ್ಟರನ್ನು ಕಟ್ಟಿಕೊಂಡು ಚಂದ್ರನಿಲ್ಲದ ರಾತ್ರಿ ನಡೆದು ಬಂದಾಗ ಮುಂದೆ ಒಂದು ಬೆಂಕಿ ದಾರಿ ತೋರಿತೆಂದೂ, ಅದರ ನೆನಪಿಗೆ ಮ್ಯೂನಿಕಿಯದಲ್ಲಿ ಫಾಸ್ಫರಸಳ ಬಲಿಪೀಠ ಎದ್ದಿತೆಂದೂ ಕಥೆಯಿದೆ. ಅದೇ ಗುಡ್ಡದ ದಾರಿಯಲ್ಲಿ ಥ್ರೇಸ್ ನಾಡಿನಿಂದ ಬಂದ ಬೆಂಡಿಸ್ ದೇವಿಯ ಗುಡಿಯೂ ಇತ್ತು. ಅವಳ ಹಬ್ಬದಲ್ಲಿ ಕುದುರೆಯ ಮೇಲೆ ದೀವಟಿಗೆಯ ಓಟ. ಪ್ಲೇಟೊನ 'ರಿಪಬ್ಲಿಕ್' ಆರಂಭವಾಗುವುದು ಆ ಹಬ್ಬದ ದಿನವೇ.

ಮ್ಯೂನಿಕಿಯದ ಹಬ್ಬವನ್ನು ಪರ್ಷಿಯನ್ನರ ಮೇಲೆ ಸಲಾಮಿಸ್‌ನಲ್ಲಿ ಸಿಕ್ಕ ಗೆಲುವಿಗೂ ಜೋಡಿಸಿದರು. ಗೆದ್ದವರ ಮೇಲೆ ದೇವಿ ಪೂರ್ಣಚಂದ್ರಳಾಗಿ ಬೆಳಗಿದಳು ಎನ್ನುತ್ತಾನೆ ಪ್ಲೂಟಾರ್ಕ್. ತಾರೀಖು ಮಾತ್ರ ಹೊಂದುವುದಿಲ್ಲ. ಸಲಾಮಿಸ್ ಕದನ ನಡೆದದ್ದು ಕ್ರಿ.ಪೂ. 480ರ ಸೆಪ್ಟೆಂಬರ್ ಹೊತ್ತಿಗೆ, ಹಬ್ಬ ಬರುವುದು ವಸಂತದಲ್ಲಿ. ಭಕ್ತಿ ಹೀಗೆ ತಾರೀಖನ್ನು ತನ್ನ ಕಡೆಗೆ ಎಳೆದುಕೊಳ್ಳುವುದು ಎಲ್ಲ ನಾಡುಗಳಲ್ಲೂ ಕಾಣುತ್ತದೆ.

ಮುಂದಿನದು ಶಿಲ್ಪಿಗಳ ಮತ್ತು ಕವಿಗಳ ಕೆಲಸ. ಹೆಕಟಿಗೆ ಬೆನ್ನಿಗೆ ಬೆನ್ನು ಹಚ್ಚಿದ ಮೂರು ದೇಹಗಳನ್ನು ಮೊದಲು ಕೆತ್ತಿದವನು ಆಲ್ಕಮೀನಿಸ್ ಎಂದು ಪ್ರವಾಸಿ ಪಾಸೇನಿಯಸ್ ಬರೆದಿದ್ದಾನೆ. ಮೂರು ದಾರಿಯತ್ತಲೂ ನೋಡುವ ದೇವಿಗೆ ಮೂರು ಮುಖ. ಕ್ರಿ.ಪೂ. 3ನೇ ಶತಮಾನದ ಥಿಯಾಕ್ರಿಟಸನ ಕಾವ್ಯದಲ್ಲಿ ಪ್ರಿಯಕರ ಕೈಬಿಟ್ಟ ಹುಡುಗಿಯೊಬ್ಬಳು ರಾತ್ರಿ ಮಾಟ ಮಾಡುತ್ತ ಸೆಲೀನಿ, ಹೆಕಟಿ, ಆರ್ಟೆಮಿಸ್ ಮೂವರನ್ನೂ ಒಂದೇ ಉಸಿರಿನಲ್ಲಿ ಕರೆಯುತ್ತಾಳೆ. ಆಕಾಶದಲ್ಲಿ ಚಂದ್ರ, ನೆಲದ ಮೇಲೆ ಬೇಟೆಗಾತಿ, ಪಾತಾಳದಲ್ಲಿ ಹೆಕಟಿ ಎಂಬ ಅಚ್ಚುಕಟ್ಟಾದ ಹಂಚಿಕೆ ರೋಮನ್ನರ ಕಾಲದ್ದು. ಪಠ್ಯಪುಸ್ತಕಗಳು ಇದನ್ನೇ ಪುರಾತನ ಗ್ರೀಕ್ ನಂಬಿಕೆ ಎಂದು ಕೊಡುವುದುಂಟು.

ಸೆಲೀನಿ ಭಾರತದ ಬಾಗಿಲಿಗೂ ಬಂದಳು. ಕ್ರಿ.ಶ. 2ನೇ ಶತಮಾನದ ಕುಶಾನ ದೊರೆ ಕನಿಷ್ಕನ ಆರಂಭದ ನಾಣ್ಯಗಳಲ್ಲಿ ಅವಳ ಹೆಸರು ಗ್ರೀಕ್ ಲಿಪಿಯಲ್ಲಿದೆ. ಪಕ್ಕದ ಚಿತ್ರ ಮಾತ್ರ ಗಂಡಸಿನದು, ಹೆಗಲ ಹಿಂದೆ ಅರ್ಧಚಂದ್ರ! ಆ ನಾಡಿನವರಿಗೆ ಚಂದ್ರ ಗಂಡುದೇವರು. ಸ್ವಲ್ಪ ಕಾಲದಲ್ಲೇ ಹೆಸರನ್ನೂ ಬದಲಿಸಿ ಅದೇ ಚಿತ್ರಕ್ಕೆ 'ಮಾವೊ' ಎಂದು ಬರೆಸಲಾಯಿತು.

ದೇವಿಯ ಮುಖ ಕಪ್ಪಿಟ್ಟಾಗ

ಪೂಜೆಗೆ ತಿಂಗಳ ಲೆಕ್ಕ ಬೇಕು, ಲೆಕ್ಕಕ್ಕೆ ಅವಲೋಕನ ಬೇಕು. ಹೀಗೆ ನೋಡುತ್ತ ನೋಡುತ್ತ ಕೆಲವರು ಬೇರೆ ಪ್ರಶ್ನೆ ಕೇಳತೊಡಗಿದರು. ಥೆಸ್ಸಲಿಯ ಅಗ್ಲೋನೈಕಿ ಎಂಬಾಕೆ ಹುಣ್ಣಿಮೆಯ ಗ್ರಹಣಗಳ ಆವರ್ತನೆಯನ್ನು ಅರಿತಿದ್ದಳೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಗ್ರಹಣದ ಸಮಯ ಮೊದಲೇ ಗೊತ್ತಿದ್ದುದರಿಂದ ತಾನೇ ಚಂದ್ರನನ್ನು ಇಳಿಸುತ್ತಿದ್ದೇನೆ ಎಂದು ಹೆಂಗಸರನ್ನು ನಂಬಿಸಿದಳಂತೆ. ತಿಳಿವಳಿಕೆಯನ್ನು ಹಂಚದೆ ಬಚ್ಚಿಟ್ಟರೆ ಅದೇ ಮಾಟವಾಗುತ್ತದೆ.

ಹಂಚಿದವನು ಅನಾಕ್ಸಗೊರಸ್. ಏಷ್ಯ ಮೈನರಿನಿಂದ ಅಥೆನ್ಸಿಗೆ ಬಂದು ನೆಲೆಸಿದ ಈತ ಚಂದ್ರನಿಗೆ ಸ್ವಂತ ಬೆಳಕಿಲ್ಲ, ಸೂರ್ಯನದೇ ಬೆಳಕು ಎಂದ. ಚಂದ್ರ ಮಣ್ಣಿನಿಂದಾದದ್ದು, ಅದರಲ್ಲಿ ಬಯಲುಗಳೂ ಕಂದರಗಳೂ ಇವೆ ಎಂದ. ಭೂಮಿಯ ನೆರಳು ಚಂದ್ರನ ಮೇಲೆ ಬಿದ್ದರೆ ಚಂದ್ರಗ್ರಹಣ ಎಂದು ವಿವರಿಸಿದ. ದೂರದರ್ಶಕ ಹುಟ್ಟುವುದಕ್ಕೆ ಎರಡು ಸಾವಿರ ವರ್ಷ ಮೊದಲಿನ ಮಾತಿದು. ದೇವತೆಯನ್ನು ಮಣ್ಣು ಎಂದವನನ್ನು ಅಥೆನ್ಸ್ ಸುಮ್ಮನೆ ಬಿಡಲಿಲ್ಲ. ದೈವನಿಂದೆಯ ಆರೋಪ ಬಂತು. ಪ್ರಬಲ ನಾಯಕ ಪೆರಿಕ್ಲೀಸ್ ಗೆಳೆಯನಾಗಿದ್ದರೂ ಊರು ಬಿಡಬೇಕಾಯಿತು. ಹೆಲೆಸ್ಪಾಂಟ್ ಜಲಸಂಧಿಯ ದಡದ ಲ್ಯಾಂಪ್ಸಕಸ್ ಪಟ್ಟಣ ಸೇರಿ ಕ್ರಿ.ಪೂ. 428ರ ಸುಮಾರಿಗೆ ಅಲ್ಲಿಯೇ ತೀರಿಕೊಂಡ.

ಅಥೆನ್ಸಿಗೆ ಇದರ ಬೆಲೆ ತಿಳಿದದ್ದು ಕ್ರಿ.ಪೂ. 413ರ ಆಗಸ್ಟ್ 27ರ ರಾತ್ರಿ. ಸಿಸಿಲಿಯ ಸಿರಾಕ್ಯೂಸ್ ನಗರವನ್ನು ಮುತ್ತಿದ್ದ ಅಥೆನ್ಸಿನ ಸೇನೆ ಸೋತು, ರೋಗದಿಂದ ಬಳಲಿ, ಗುಟ್ಟಾಗಿ ಹಡಗು ಹತ್ತಿ ಹೊರಡಲು ಸಿದ್ಧವಾಗಿತ್ತು. ಅಂದು ಹುಣ್ಣಿಮೆ. ಚಂದ್ರಗ್ರಹಣ ಹಿಡಿಯಿತು. ಸೈನಿಕರು ಹೆದರಿ ನಿಂತರು. ಶಕುನ ಹೇಳುವವರು ಮೂರು ಬಾರಿ ಒಂಬತ್ತು ದಿನ, ಅಂದರೆ 27 ದಿನ, ಕದಲಬಾರದೆಂದರು. ಸೇನಾಪತಿ ನಿಕಿಯಾಸ್ ಮೊದಲೇ ಶಕುನಗಳನ್ನು ಅತಿಯಾಗಿ ನಂಬುವವನು. ಅಷ್ಟು ದಿನ ಕಳೆಯುವ ತನಕ ಹೊರಡುವ ಮಾತೇ ಬೇಡ ಎಂದುಬಿಟ್ಟ. ಅವನ ಭಯಗಳನ್ನು ಅಷ್ಟಿಷ್ಟು ತಗ್ಗಿಸುತ್ತಿದ್ದ ಶಕುನಜ್ಞ ಸ್ಟಿಲ್ಬಿಡೀಸ್ ಸ್ವಲ್ಪ ದಿನ ಮೊದಲು ಸತ್ತಿದ್ದ.

ಶತ್ರುಗಳು ಚಂದ್ರನಿಗಾಗಿ ಕಾಯಲಿಲ್ಲ. ಬಂದರಿನ ಬಾಯಿಗೆ ಹಡಗುಗಳನ್ನು ಸಾಲಾಗಿ ನಿಲ್ಲಿಸಿ ಮುಚ್ಚಿದರು. ಅಥೆನ್ಸಿನ ನೌಕಾಪಡೆ ಒಳಗೇ ನಾಶವಾಯಿತು. ಕಾಲ್ನಡಿಗೆಯಲ್ಲಿ ಹೊರಟವರು ಸುಮಾರು 40,000 ಮಂದಿ ಎನ್ನುತ್ತಾನೆ ಇತಿಹಾಸಕಾರ ಥ್ಯೂಸಿಡಿಡೀಸ್. ದಾರಿಯಲ್ಲಿ ಸತ್ತವರು ಸತ್ತು, ಸಿಕ್ಕವರಲ್ಲಿ 7,000ಕ್ಕೂ ಕಡಿಮೆಯಿಲ್ಲದಷ್ಟು ಜನರನ್ನು ಕಲ್ಲುಗಣಿಯ ಗುಂಡಿಗಳಿಗೆ ತಳ್ಳಲಾಯಿತು. ಹಗಲು ಸುಡುವ ಬಿಸಿಲು, ರಾತ್ರಿ ಕೊರೆಯುವ ಚಳಿ, ಸತ್ತವರ ಹೆಣಗಳ ಪಕ್ಕದಲ್ಲೇ ಬದುಕಿದವರು. ದಿನಕ್ಕೆ ಒಬ್ಬನಿಗೆ ಕಾಲು ಲೀಟರಿನಷ್ಟು ನೀರು. ನಿಕಿಯಾಸನನ್ನು ಕೊಂದರು.

ಇದು ಭಕ್ತಿಗೂ ವಿಜ್ಞಾನಕ್ಕೂ ನಡೆದ ಜಗಳ ಎಂದು ಬರೆದುಬಿಡುವುದು ಸುಲಭ. ಆದರೆ ಆಂಫಿಫಾನ್ ಕೇಕಿನ ವಿವರ ಬರೆದಿಟ್ಟ ಅದೇ ಫಿಲೋಕೊರಸ್ ಈ ಗ್ರಹಣದ ಬಗ್ಗೆಯೂ ಹೇಳಿದ್ದಾನೆ. ಅವನು ಸ್ವತಃ ಶಕುನಶಾಸ್ತ್ರಿ, ದೇವಿಯರ ಹಬ್ಬಗಳನ್ನು ಬಲ್ಲವನು. ಅವನ ಪ್ರಕಾರ ತಪ್ಪಿಸಿಕೊಂಡು ಹೋಗುವವರಿಗೆ ಆ ಶಕುನ ಕೆಟ್ಟದ್ದೇ ಅಲ್ಲ. ಕದ್ದು ಹೊರಡುವವರಿಗೆ ಬೇಕಾದದ್ದು ಕತ್ತಲೆಯೇ, ದೇವಿ ಅದನ್ನು ಕೊಟ್ಟಿದ್ದಳು. ಸಾಮಾನ್ಯವಾಗಿ ಜನ ಗ್ರಹಣದ ನಂತರ ಮೂರು ದಿನ ಕಾಯುತ್ತಿದ್ದರೆಂದೂ ಪ್ಲೂಟಾರ್ಕ್ ಹೇಳುತ್ತಾನೆ. ಹಿಂದೆ ಮ್ಯಾರಥಾನ್ ಕದನದ ಸಮಯದಲ್ಲಿ (ಕ್ರಿ.ಪೂ. 490) ಸ್ಪಾರ್ಟಾದವರೂ ಹುಣ್ಣಿಮೆಯಾಗದೆ ಹೊರಡಲಾರೆವೆಂದು ಕಾದಿದ್ದರು, ಆಮೇಲೆ ಮೂರೇ ದಿನದಲ್ಲಿ ಓಡೋಡಿ ಬಂದರೂ ಕದನ ಮುಗಿದಿತ್ತು. ಕೆಟ್ಟದ್ದು ಸ್ಪಾರ್ಟಾದ ಹೆಸರು ಮಾತ್ರ. ಸಿರಾಕ್ಯೂಸಿನಲ್ಲಿ ಹೆಣ ಬಿದ್ದವು.

ಗ್ರಹಣದ ಕಾರಣ ಆಗ ಗೊತ್ತಿತ್ತು, ಆದರೆ ಅದನ್ನು ಕೆಲವರೇ ಹಿಂಜರಿಕೆಯಿಂದ ಗುಟ್ಟಾಗಿ ಮಾತಾಡುತ್ತಿದ್ದರು ಎಂಬುದು ಪ್ಲೂಟಾರ್ಕನ ವಿಷಾದ. ಹದಿನಾಲ್ಕು ವರ್ಷಗಳ ನಂತರ, ಕ್ರಿ.ಪೂ. 399ರಲ್ಲಿ, ಸಾಕ್ರೆಟೀಸನ ಮೇಲೆ ವಿಚಾರಣೆ ನಡೆದಾಗ ಸೂರ್ಯನನ್ನು ಕಲ್ಲು, ಚಂದ್ರನನ್ನು ಮಣ್ಣು ಎನ್ನುತ್ತಾನೆ ಎಂಬ ದೂರು ಮತ್ತೆ ಕೇಳಿಬಂತು. ಅದು ಅನಾಕ್ಸಗೊರಸನ ಮಾತು, ಅವನ ಪುಸ್ತಕ ಪೇಟೆಯಲ್ಲಿ ಒಂದು ದ್ರಾಕ್ಮಕ್ಕೆ ಸಿಗುತ್ತದೆ ಎಂದು ಸಾಕ್ರೆಟೀಸ್ ಉತ್ತರಿಸಿದನೆಂದು ಪ್ಲೇಟೊ ಬರೆದಿದ್ದಾನೆ. ಚಂದ್ರ ಅಥೆನ್ಸಿನವರಿಗೆ ತಿಂಗಳಿಗೆ ಉಳಿಸಿಕೊಡುತ್ತಿದ್ದ ದೀವಟಿಗೆಯ ಖರ್ಚು ಅಷ್ಟೇ ಆಗಿತ್ತು.

ಲ್ಯಾಂಪ್ಸಕಸ್ಸಿನ ಜನ ಅನಾಕ್ಸಗೊರಸನನ್ನು ಗೌರವದಿಂದ ಮಣ್ಣು ಮಾಡಿದರು. ಕೊನೆಗಾಲದಲ್ಲಿ ಊರಿನ ಹಿರಿಯರು ಬಂದು ನಿನಗೇನು ಬೇಕು ಎಂದು ಕೇಳಿದಾಗ ಅವನು ಕೇಳಿದ್ದು ಒಂದೇ: ತಾನು ಸಾಯುವ ತಿಂಗಳಲ್ಲಿ ಪ್ರತಿ ವರ್ಷ ಮಕ್ಕಳಿಗೆ ಆಡಲು ರಜೆ ಕೊಡಬೇಕು. ಅವರು ಒಪ್ಪಿದರು. ತತ್ತ್ವಜ್ಞಾನಿಗಳ ಜೀವನಚರಿತ್ರೆ ಬರೆದ ಡಯೋಜಿನಿಸ್ ಲೇರ್ಷಿಯಸ್ ಕ್ರಿ.ಶ. 3ನೇ ಶತಮಾನದವನು, ಆ ರಜೆ ತನ್ನ ಕಾಲದಲ್ಲೂ ನಡೆದುಬಂದಿದೆ ಎಂದು ಅವನು ಬರೆದಿದ್ದಾನೆ.